ಪಾಲಿನ ಅಳು

ದೊಡ್ಡವ್ವ ಕಾಳವ್ವ ಬರಲೊಲ್ಲೆ ಅನ್ನುತ್ತಾಳೆಂದು ಬಸವಕಿರಣ ದಾರಿಯುದ್ದಕ್ಕೂ ನಂಬಿಕೊಂಡು ಬಂದಿದ್ದ. ಶಿರಗುಪ್ಪಿಯ ಆ ಮನೆಯ ಕಟ್ಟೆಯ ಮೇಲೆ ಅವಳು ಹೊಸ ಇಳಕಲ್ಲ ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಕಾರಿನ ಹಾದಿ ಕಾಯುತ್ತ ಕೂತದ್ದನ್ನು ಕಂಡಾಗ ಅವನು ಕಾರಿನಿಂದ ಇಳಿಯಲು ತಡಮಾಡಿದ. ಒಲ್ಲೆ ಅಂದಿದ್ದರೆ ಎಲ್ಲ ಸರಳವಾಗುತ್ತಿತ್ತು. ಅವಳು ಒಲ್ಲೆ ಅನ್ನುವ ದೃಶ್ಯವನ್ನು ರಾಟರ್‌ಡ್ಯಾಮಿನಲ್ಲಿದ್ದಾಗಲೇ ಅವನು ಹಲವು ಸಲ ಕಟ್ಟಿ ನೋಡಿದ್ದ: ಅವಳು ಬಾಗಿಲಲ್ಲಿ ನಿಂತು ಮುಖ ತಿರುವುತ್ತಾಳೆ, ತಾನು ತಲೆ ತಗ್ಗಿಸಿ ಹಿಂದಿರುಗುತ್ತೇನೆ, ಸಂಜೆ ಧಾರವಾಡದ ವೇದಿಕೆಯ ಮೇಲೆ ಆ ನಿರಾಕರಣೆಯ ಬಗ್ಗೆ ಮೆಲುದನಿಯಲ್ಲಿ ಎರಡು ಮಾತು ಆಡುತ್ತೇನೆ. ಆ ಎರಡು ಮಾತುಗಳೂ ಸಿದ್ಧವಾಗಿದ್ದವು. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ಬಿಡಬೇಕು ಎನ್ನುವುದೂ ಗೊತ್ತಿತ್ತು. ಈಗ ಅವು ಗಂಟಲಲ್ಲೇ ಹಳಸಿದ ಅನ್ನದ ಹಾಗೆ ಹುಳಿವಾಸನೆ ಬಿಡತೊಡಗಿದವು.

"ಎಷ್ಟ ತಡಾ ಮಾಡಿದ್ಯೋ ಕಿರಣ್ಯಾ. ನಸಕಿನ್ಯಾಗ ಎದ್ದ ಕುಂತೇನಿ ನಾ."

"ದೊಡ್ಡವ್ವಾರು ಮದಲಗಿತ್ತಿ ಆಗ್ಯಾರಲ್ಲ," ಎಂದು ಕಾರು ತಂದಿದ್ದ ಗೆಳೆಯ ಮುಷರಫ ಸ್ಟೇರಿಂಗಿನ ಮೇಲಿಂದಲೇ ಕೂಗಿದ.

"ಏ ಸುದ್ದಿಗೇಡಿ, ನೀ ಬಾಯಿ ತಗೀಬ್ಯಾಡ. ನಿನ್ನ ಮಾರಿ ನೋಡಿದರ ನನಗ ಎದಿ ಝಲ್ ಅಂತೈತಿ. ಇವತ್ತ ಯಾರನ್ನ ಸಾಯಿಸಿ ಬಂದೀಯೋ?"

"ಇಲ್ರೀ ದೊಡ್ಡವ್ವಾರ, ಇವತ್ತ ಬರೇ ಡ್ರೈವರಕಿ. ಎಲ್ಲಾರೂ ಜೀವಂತ ಅದಾರ."

ಇಬ್ಬರೂ ನಕ್ಕರು. ಬಸವಕಿರಣನೂ ನಗಬೇಕಾಯಿತು. ಈ ಮನೆಯಲ್ಲಿ ಅದು ಹಳೆಯ ತಮಾಷೆ. ಮದುವೆಗಳಲ್ಲಿ, ಸೀಮಂತಗಳಲ್ಲಿ ಯಾರಾದರೊಬ್ಬರು ಎತ್ತುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಅವನಿಗೆ ಅಸಹ್ಯವಾಗುತ್ತಿದ್ದದ್ದು ಅದೇ. ಯಾರೂ ಅವನನ್ನು ಬೈದಿರಲಿಲ್ಲ. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಪಡಸಾಲೆಯ ಗೋಡೆಯ ಮೇಲೆ ದೊಡ್ಡಪ್ಪನ ಫೋಟೋ ಇತ್ತು. ಅದಕ್ಕೆ ಹಾಕಿದ ಪ್ಲಾಸ್ಟಿಕ್ ಹಾರದ ಮೇಲೆ ಇನ್ನೂ ಅಂಗಡಿಯ ಚೀಟಿ ಅಂಟಿಕೊಂಡಿತ್ತು. ಹೋದ ವರ್ಷ ದೊಡ್ಡಪ್ಪ ಸತ್ತಾಗ ಅವನು ಓಸ್ಲೋದಲ್ಲಿದ್ದ. ಬರಲಾಗಲಿಲ್ಲ. ಬರಬಹುದಿತ್ತು.

ಕಾರು ಹುಬ್ಬಳ್ಳಿಯ ಕಡೆ ಹೊರಳಿತು. ಕಾಳವ್ವ ಮುಂದಿನ ಸೀಟಿನಲ್ಲಿ ಕೂತು ಹಾದಿಬದಿಯ ಹೊಲಗಳನ್ನು ಹೆಸರು ಹಿಡಿದು ಗುರುತಿಸುತ್ತಿದ್ದಳು: ಇದು ಅವರದು, ಅದು ಇವರದು, ಇಲ್ಲಿ ಈ ವರ್ಷ ಗೋವಿನಜೋಳ ಹಾಕಿ ಕೆಟ್ಟರು. ಹಿಂದಿನ ಸೀಟಿನಲ್ಲಿ ಬಸವಕಿರಣ ಅವಳ ಕತ್ತನ್ನು ನೋಡುತ್ತ ಕೂತ. ಆ ಕತ್ತಿನೊಳಗಿಂದ ಬಂದ ದನಿಯನ್ನು ಅವನು ಕೋಲೋನಿನ ಚರ್ಚೊಂದರ ಕಲ್ಲಿನ ಕಮಾನುಗಳ ಕೆಳಗೆ ಬಿಟ್ಟಿದ್ದ, ಮಾಂಟ್ರಿಯಲ್ಲಿನ ಹಳೆಯ ಕಾರ್ಖಾನೆಯೊಂದರಲ್ಲಿ ಹದಿನಾರು ಸ್ಪೀಕರುಗಳಿಗೆ ಹಂಚಿದ್ದ. ಅದನ್ನು ಎಳೆದು ಎಳೆದು ಒಂದು ಸ್ವರವನ್ನು ಒಂದು ನಿಮಿಷದಷ್ಟು ಉದ್ದ ಮಾಡಿ, ಅದರ ನಡುಕದೊಳಗಿನ ಸಣ್ಣ ನಡುಕವನ್ನು ಚೆಲ್ಲೋ ಎಂಬ ದೊಡ್ಡ ಪಿಟೀಲಿಗೆ ಬರೆದುಕೊಟ್ಟಿದ್ದ. 'ಹೆಸರಿಲ್ಲದವಳ ಶೋಕ' ಎಂದು ಅದಕ್ಕೆ ಹೆಸರಿಟ್ಟಿದ್ದ. ಚೆಲ್ಲೋ ಮತ್ತು ಧ್ವನಿಮುದ್ರಿತ ಕಂಠಕ್ಕೆ. ಅದಕ್ಕೂ ಮೊದಲು ಅವನು ಯಾರೂ ಆಗಿರಲಿಲ್ಲ. ಧಾರವಾಡದಲ್ಲಿ ಖಯಾಲ್ ಕಲಿಯಲು ಹೋಗಿ, "ನಿನ್ನ ಕಿವಿ ಛಲೋ ಐತಿ, ಗಂಟಲಾ ಸುಳ್ಳ ಹೇಳತೈತಿ" ಎಂದು ಗುರುಗಳಿಂದ ಅನ್ನಿಸಿಕೊಂಡು ಬಂದವನು. ಅದರ ನಂತರ, ಎರಡು ದೇಶಗಳ ಸಂಗೀತವನ್ನು ಒಂದು ವೇದಿಕೆಯ ಮೇಲೆ ಕೂಡಿಸಬೇಕೆಂದು ಯಾರಿಗೇ ಅನ್ನಿಸಿದರೂ ಅವನ ಫೋನು ರಿಂಗಾಗುತ್ತಿತ್ತು. ಜಾವಾದ ಕಂಚಿನ ವಾದ್ಯಗಳನ್ನು ನಾರ್ವೆಯ ಪಿಟೀಲಿನ ಜೊತೆ ಕೂಡಿಸಿದ್ದ. ಮೊರಾಕ್ಕೋದ ಮುದುಕನೊಬ್ಬನ ಹಾಡನ್ನು ಹದಿನಾಲ್ಕು ಹಿತ್ತಾಳೆ ತುತ್ತೂರಿಗಳ ಕೆಳಗೆ ಹೂತಿದ್ದ. ಚರ್ಚಾಗೋಷ್ಠಿಗಳಲ್ಲಿ 'ನಾನು ಎರಡು ಮೌನಗಳ ನಡುವೆ ಕೆಲಸ ಮಾಡುತ್ತೇನೆ' ಎನ್ನುತ್ತಿದ್ದ, ಹಾಗನ್ನುವಾಗ ಪ್ರತಿ ಸಲವೂ ಕೈ ಎದೆಯ ಅದೇ ಜಾಗಕ್ಕೆ ಹೋಗುತ್ತಿತ್ತು. ಅಲ್ಲಿ ಕೈಮಗ್ಗದ ಜುಬ್ಬಾ ತೊಡುತ್ತಿದ್ದ. ಇಲ್ಲಿಗೆ ಬರುವಾಗ ಮಾತ್ರ ಯುರೋಪಿನವನ ಹಾಗೆ ಕರಿ ಅಂಗಿ. ಎರಡೂ ಕಡೆ ಅವನು ಆ ಕಡೆಯವನಾಗಿ ಕಾಣಬೇಕಿತ್ತು.

ಆ ದನಿ ಅವನಿಗೆ ಸಿಕ್ಕದ್ದು ವರ್ಷಗಳ ಹಿಂದೆ, ಒಂದು ಕಾಗೆಯ ನೆವದಿಂದ. ಆ ಕಾಗೆ ಖರೇ ಬಡಿದಿತ್ತೋ ಇಲ್ಲವೋ, ಈಗ ಅವನಿಗೇ ಖಾತ್ರಿಯಿಲ್ಲ. ಸಪ್ತಾಪುರದಲ್ಲಿ ಅವ್ವ ಬಾಡಿಗೆಗಿದ್ದ ಮನೆಯ ಮಾಳಿಗೆ. ರಜೆಗೆಂದು ಬಂದವನು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದ. ಕಪ್ಪಗೆ ಏನೋ ಸರಿದು ಕೂದಲು ಅಲುಗಿದವು. ರೆಕ್ಕೆಯೇ ಇರಬೇಕು. ಗಾಳಿಯೂ ಇರಬಹುದು. ಆ ಹೊತ್ತಿಗೆ ಅವನು ಒಂದು ಅಳುವಿಗಾಗಿ ಊರೂರು ಅಲೆಯುತ್ತಿದ್ದ. ಹೆಂಗಸರು ಸತ್ತವರ ಗುಣ ಎತ್ತಿ ಹಾಡುತ್ತ ಅಳುವುದನ್ನು ಹಿಡಿಯಬೇಕೆಂದು ಸಾವಿನ ಮನೆಗಳ ಬಾಗಿಲಲ್ಲಿ ರೆಕಾರ್ಡರು ಹಿಡಿದು ನಿಂತಿದ್ದ. ಅವನನ್ನು ನೋಡುತ್ತಲೇ ಹೆಂಗಸರು ಸೆರಗು ಸರಿಮಾಡಿಕೊಂಡು ಸುಮ್ಮನಾಗುತ್ತಿದ್ದರು. ಒಂದು ಕಡೆ ಯಾವ ಚಾನಲ್ಲಿನವರೆಂದು ಕೇಳಿ ಚಹಾ ಕೊಟ್ಟಿದ್ದರು. ಯಾರಾದರೂ ಸತ್ತರೆ ತಿಳಿಸು ಎಂದು ಮುಷರಫನಿಗೆ ಹೇಳಿಟ್ಟಿದ್ದ. ಹುಬ್ಬಳ್ಳಿಯಲ್ಲಿ ಗ್ಯಾರೇಜು ನಡೆಸುವ ಮುಷರಫನಿಗೆ ಎಲ್ಲ ಊರುಗಳ ಗಿರಾಕಿಗಳಿದ್ದರು. ಮಾಳಿಗೆಯಿಂದ ಇಳಿದು ಬಂದು, "ಅವ್ವಾ, ಕಾಗಿ ಬಡೀತು" ಎಂದಾಗ ತನ್ನ ದನಿಯಲ್ಲಿ ಹೆದರಿಕೆ ಇರಲಿಲ್ಲ, ಆಸೆ ಇತ್ತು ಎನ್ನುವುದು ಅವನಿಗೆ ನೆನಪಿದೆ. ಕಾಗೆ ಮೈಗೆ ಬಡಿದರೆ ಸಾವು ಹತ್ತಿರ ಬಂತೆಂದು ಅರ್ಥ. ಅದನ್ನು ತಪ್ಪಿಸಲು ದೂರದ ಊರಲ್ಲಿರುವ ರಕ್ತಸಂಬಂಧಿಗೆ, ಇಂಥವನು ಸತ್ತ ಎಂದು ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ಒಮ್ಮೆ ಎದೆ ಬಡಿದುಕೊಂಡು ಅತ್ತರೆ ಬಂದ ಸಾವು ಮೋಸಹೋಗಿ ಹಿಂದಿರುಗುತ್ತದೆ. ಕೂಡಲೇ ಖರೇ ಸಂಗತಿ ಹೇಳಿ, ಅತ್ತವರ ಬಾಯಿಗೆ ಬೆಲ್ಲ ಇಡಬೇಕು. ಅವ್ವ ಯೋಚನೆ ಮಾಡದೆ ತನ್ನ ಅಕ್ಕನ ಹೆಸರು ಹೇಳಿದಳು. ಕಾಳವ್ವ ಅತ್ತರೆ ಸುತ್ತ ಹತ್ತು ಹಳ್ಳಿಯಲ್ಲಿ ನಿಂತು ಕೇಳುತ್ತಿದ್ದರು. ಅವಳು ಬಾರದೆ ಎಷ್ಟೋ ಮನೆಗಳಲ್ಲಿ ಹೆಣ ಎತ್ತುತ್ತಿರಲಿಲ್ಲ.

ಶಿರಗುಪ್ಪಿಯಲ್ಲಿ ಮುಷರಫ ಮುಂಬಾಗಿಲಿನಿಂದ, ಕಿರಣ ಸತ್ತನೆಂಬ ಸುದ್ದಿ ಹೊತ್ತು ಒಳಗೆ ಹೋದ. ಬಸವಕಿರಣ ಹಿತ್ತಲ ಗೋಡೆಗೆ ಮೈ ಹಚ್ಚಿ, ಕಿಟಕಿಯ ಕೆಳಗೆ ಮೈಕು ಹಿಡಿದು ಕೂತ. ಮೊದಲು ಒಂದು ಪಾತ್ರೆ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದಲ್ಲಿ ಅವನು ಧ್ವನಿಮುದ್ರಣದ ಮಟ್ಟ ಸರಿಮಾಡಿಕೊಂಡ. ಆಮೇಲೆ ಅವಳು ಎದ್ದಳು. 'ಕಿರಣಾ, ಕೈ ಹಿಡದ ನಡಿಸಿದ್ದೆಲ್ಲೋ ನನ್ನಪ್ಪಾ, ಕೈ ಬಿಟ್ಟ ಹೊಂಟ್ಯೇನೋ' ಎಂದು ಕೆಳಗಿನಿಂದ ಹತ್ತಿ, ಮೇಲೆ ಒಂದು ಕಡೆ ಮುರಿದು, ಮುರಿದ ಜಾಗದಿಂದಲೇ ಮತ್ತೆ ಹಿಡಿದಳು. ಅವನ ಬಾಲ್ಯದ ಹುಳಿಮಾವಿನಕಾಯಿ, ಅವನ ಕಾಲಿಗೆ ನಟ್ಟ ಮುಳ್ಳು, ಅವನು ಪರದೇಶಕ್ಕೆ ಹೋಗುವಾಗ ಅವಳು ಕಟ್ಟಿಕೊಟ್ಟ ಶೇಂಗಾ ಹೋಳಿಗೆ, ಎಲ್ಲವೂ ಆ ಹಾಡಿನೊಳಗೆ ಬಂದವು. ಮುಷರಫ ಹಿತ್ತಲಿಗೆ ಬಂದು, "ಸಾಕಲ್ಲ? ಹೇಳ್ಲೇನು?" ಎಂದು ತುಟಿಯಲ್ಲೇ ಕೇಳಿದ. ಬಸವಕಿರಣ ಅಂಗೈ ಎತ್ತಿದ: ತಡಿ. ಮತ್ತೆ ಬಂದ. ಮತ್ತೆ ಅಂಗೈ. ಮುಂದಿನ ಸಲ ಬಂದಾಗ ಮುಷರಫನೇ ಅಳುತ್ತಿದ್ದ, ಅವನ ಮೂಗಿನಿಂದ ಸಿಂಬಳ ಇಳಿಯುತ್ತಿತ್ತು. ಆಗಲೂ ಬಸವಕಿರಣನ ಅಂಗೈ ತಾನೇ ಮೇಲೆದ್ದಿತು. ಹಾಲು ಉಕ್ಕುವಷ್ಟು ಹೊತ್ತಿನಲ್ಲಿ ಮುಗಿಯಬೇಕಾಗಿದ್ದನ್ನು ಅವಳ ಗಂಟಲು ಒಡೆಯುವವರೆಗೆ ಎಳೆದ. ಕೊನೆಗೆ ಕೊರಳಲ್ಲಿ ವೈರು ನೇತಾಡಿಸಿಕೊಂಡು, ಹಲ್ಲು ಕಿಸಿಯುತ್ತ ಒಳಗೆ ಹೋಗಿ ನಿಂತಾಗ ಅವಳು ಅವನನ್ನು ನೋಡಿದ ನೋಟ ಅವನಿಗೆ ಈಗ ನೆನಪಿಲ್ಲ. ಕೆನ್ನೆಗೆ ಹೊಡೆದದ್ದು ನೆನಪಿದೆ. ಆಮೇಲೆ ನಕ್ಕಳು, ದೊಡ್ಡಪ್ಪ ನಕ್ಕ, ಸೇರಿದ್ದ ನೆರೆಯವರೆಲ್ಲ ನಕ್ಕರು, ಬೆಲ್ಲ ಹಂಚಿದರು. ಗಾಳಿಯಿಂದ ಕೆಟ್ಟ ಒಂದು ಸಾಲನ್ನು ಮತ್ತೊಮ್ಮೆ ಅಳು ಎಂದು ಅವನು ಕೇಳಿದ್ದ. ಬಾಯಲ್ಲಿ ಬೆಲ್ಲವಿಟ್ಟುಕೊಂಡೇ ಅವಳು ಹೇಳಿದ್ದಳು: "ಒಬ್ಬರಿಗೆ ಒಮ್ಮೆ ಹಾಡಿ ಅಳೂದೋ ತಮ್ಮಾ. ಅವರ ಪಾಲಿಂದ ಅಷ್ಟ."

ಕಾರ್ಯಕ್ರಮದ ಪುಸ್ತಿಕೆಯಲ್ಲಿ ಮಾತ್ರ ಅವನು, 'ಉತ್ತರ ಕರ್ನಾಟಕದ ಒಬ್ಬ ವಿಧವೆ ಗಂಡನ ಶವದ ಮುಂದೆ' ಎಂದು ಬರೆದ. ಆಗ ದೊಡ್ಡಪ್ಪ ಗಟ್ಟಿಮುಟ್ಟಾಗಿದ್ದ, ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ. ಪರದೇಶದ ಆ ಸಭೆಗಳಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಸಾಲುಸಾಲಿಗೂ ಅವಳು 'ಕಿರಣಾ' ಎಂದು ಕೂಗಿದರೂ ಅದು ಅಲ್ಲಿ ಬರೀ ನಾದ. ಆದರೆ ಇವತ್ತು ಸಂಜೆ ಧಾರವಾಡ. ತನ್ನ ಸಾವಿನ ಶೋಕವನ್ನು ತಾನೇ ಕದ್ದು ಕೇಳಿ, ಅದನ್ನು ಹೊತ್ತು ಜಗತ್ತು ತಿರುಗಿದವನ ಮುಂದೆ ಊರಿನ ಮಂದಿ ಕೂತು, ಆ ಕಂಠ ಯಾರ ಹೆಸರು ಹಿಡಿದು ಅಳುತ್ತಿದೆ ಎನ್ನುವುದನ್ನು ಸ್ಪಷ್ಟವಾಗಿ ಕೇಳುತ್ತಾರೆ. ಹಿಂದಿನ ಸಾಲಿನಿಂದ ಒಬ್ಬನಾದರೂ ನಕ್ಕೇ ನಗುತ್ತಾನೆ. ಅದಕ್ಕೇ ಅವನು ಧ್ವನಿಮುದ್ರಿಕೆ ಬೇಡ, ಮೂಲ ಗಾಯಕಿಯೇ ವೇದಿಕೆಗೆ ಬರಲಿ ಎಂದು ಸಂಘಟಕರಿಗೆ ಹೇಳಿ, ಹೊಗಳಿಸಿಕೊಂಡ. ಅವಳು ಬಂದು ಬೇರೆ ಯಾವುದಾದರೂ ಹೆಸರು ಹಿಡಿದು ಅತ್ತರೆ ಆಯಿತು. ಬಾರದಿದ್ದರೆ ಶೋಕವನ್ನೇ ಕೈಬಿಟ್ಟು, ಆ ಎರಡು ಮಾತು.

"ನಿಮ್ಮ ದೊಡ್ಡಪ್ಪ ಹ್ವಾದಾಗ ನಾ ಏನ್ ಮಾಡಿದ್ನಿ ನಿಮ್ಮವ್ವ ಹೇಳ್ಯಾಳೇನು?" ರಾಯಾಪುರ ಬಂದಿತ್ತು. ಚಿಗರಿ ಬಸ್ಸೊಂದು ತನಗೇ ಮೀಸಲಾದ ಹಾದಿಯಲ್ಲಿ ಸದ್ದಿಲ್ಲದೆ ಅವರನ್ನು ಹಿಂದೆ ಹಾಕಿ ಹೋಯಿತು. ಕಾಳವ್ವ ಹಿಂದೆ ತಿರುಗಿ ನೋಡದೆ ಕೇಳಿದ್ದಳು.

ಹೇಳಿದ್ದಳು. ಅವ್ವ ಎಲ್ಲ ಹೇಳಿದ್ದಳು. ಅವನು ಇಲ್ಲ ಎಂದ.

"ನಕ್ಕಬಿಟ್ನೋ." ಅವಳು ಬೇರೆಯವರ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು. "ಹೆಣಾ ಕೂಡ್ರಸಿದ್ರು, ಹಣಿಗೆ ಈಬತ್ತಿ ಹಚ್ಚಿದ್ರು. ಎಲ್ಲಾ ಹೆಣಮಕ್ಕಳು ನನ್ನ ಬಾಯಿ ನೋಡಾಕತ್ತಾರ, ಇಕಿ ಸುರು ಮಾಡಲಿ ಅಂತ. ಬಾಯಿ ತಗದ್ನಿ. ಎದ್ದ ಬರತಾನ ಅನ್ನಿಸ್ತು. ಹಿತ್ತಲದಾಗಿಂದ ವಾಯರ್ ಹಾಕ್ಕೊಂಡ, ಹಲ್ಲ ಕಿಸ್ಕೊಂತ ಬರತಾನ ಅನ್ನಿಸ್ತು. ನಗಿ ಬಂತು. ತಡಕೊಳ್ಳಾಕ ಆಗವಲ್ದು. ಸೆರಗ ಬಾಯಾಗ ತುರುಕಿದ್ರು. ತೆಲಿ ಕೆಟ್ಟೈತಿ ಅಂದ್ರು. ಆವಾಗಿಂದ ಯಾರ ಮನಿಗೂ ಕರಿಯಂಗಿಲ್ಲ ನನ್ನ."

ಮುಷರಫ ಗಂಟಲು ಸರಿಮಾಡಿಕೊಂಡ. ಕನ್ನಡಿಯಲ್ಲಿ ಅವನ ಕಣ್ಣು ಒಮ್ಮೆ ಬಸವಕಿರಣನನ್ನು ಮುಟ್ಟಿ ರಸ್ತೆಗೆ ಮರಳಿತು.

"ನಿಮ್ಮ ದೊಡ್ಡಪ್ಪ ಹಂಗ ಹ್ವಾದ, ಅಳು ಇಲ್ಲದ, ದಿಕ್ಕಿಲ್ಲದಾಂವ ಹ್ವಾದಂಗ. ಅದಕ್ಕ ನೀ ಬಾ ಅಂದ ಕೂಡ್ಲೆ ಹೂಂ ಅಂದ್ನಿ. ಅಲ್ಲಿ ಬ್ಯಾರೆ ಮಂದಿ, ಬ್ಯಾರೆ ಬೆಳಕು. ಬಂದರ ಬಂದೀತು ಅಳು."

ಓಸ್ಲೋದ ಹೋಟೆಲಿನ ಕೋಣೆಯಲ್ಲಿ ಅವ್ವ ಫೋನಿನಲ್ಲಿ ಇದನ್ನೇ ಹೇಳಿದ್ದಳು, ಅಳುತ್ತ. ಆಗ ಅವನ ಮನಸ್ಸಿಗೆ ಮೊದಲು ಬಂದ ಮಾತು ಅಯ್ಯೋ ಎಂದಾಗಿರಲಿಲ್ಲ. ಅಲ್ಲಿ ಯಾರಾದರೂ ಫೋನಿನಲ್ಲಿ ಅದನ್ನು ಹಿಡಿದಿದ್ದಾರೆಯೇ, ಎಂಬುದು ಬಂದಿತ್ತು. ಹೆಣದ ಮುಂದೆ ಹೆಂಗಸಿನ ನಗು. ಯಾರ ಬಳಿಯೂ ಇಲ್ಲದ ಧ್ವನಿ. ಅವನು ಆ ದಿನ ಎರಡು ಸಲ ಸೋಪು ಹಚ್ಚಿ ಸ್ನಾನ ಮಾಡಿದ್ದ, ಎರಡನೆಯ ಸಲ ನೀರಿನ ಸದ್ದಿನಲ್ಲಿ ಆ ನಗುವನ್ನು ಹೇಗೆ ಬರೆಯಬಹುದೆಂದು ಯೋಚಿಸುತ್ತ.

ಸಭಾಭವನದ ಗೇಟಿಗೆ ಅವನ ಮುಖದ ಫ್ಲೆಕ್ಸು ಕಟ್ಟಿದ್ದರು. 'ವಿಶ್ವವಿಖ್ಯಾತ ಸಂಗೀತ ಸಂಯೋಜಕ, ನಮ್ಮ ಹೆಮ್ಮೆಯ ಧಾರವಾಡದ ಕುಡಿ' ಎಂದಿತ್ತು. ಗಾಳಿಗೆ ಹಗ್ಗ ಸಡಿಲಾಗಿ ಗಲ್ಲ ಮಡಚಿಕೊಂಡು ಅವನು ಏನನ್ನೋ ನುಂಗುತ್ತಿರುವಂತೆ ಕಾಣುತ್ತಿದ್ದ. ಸಂಘದ ಅಧ್ಯಕ್ಷ ಗುರುಶಿದ್ದಪ್ಪ ಪೇಡೆಯ ಪೊಟ್ಟಣ ಹಿಡಿದು ಎದುರು ಬಂದ. ನಿನ್ನೆಯಿಂದ ತಿಂದ ಪೇಡೆಗಳ ಸಿಹಿ ಬಸವಕಿರಣನ ಹಲ್ಲಿನ ಮೇಲೆ ದಪ್ಪನೆಯ ಪಾಚಿಯ ಹಾಗೆ ಕೂತಿತ್ತು, ನಾಲಿಗೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಇನ್ನೊಂದು ತಿಂದ. ಕಾಳವ್ವ ಎರಡು ತೆಗೆದುಕೊಂಡು ಒಂದನ್ನು ಮುಷರಫನಿಗೆ ಕೊಟ್ಟಳು. ಒಳಗೆ, ಮುಂದಿನ ಸಾಲಿನ ಕುರ್ಚಿಗಳಿಗೆ ಕವರು ಹಾಕುತ್ತಿದ್ದರು. ಸಂಡಾಸದ ಫಿನೈಲಿನ ವಾಸನೆ ಮತ್ತು ಚೆಂಡುಹೂವಿನ ವಾಸನೆ ಕೂಡಿ ಒಂದೇ ವಾಸನೆಯಾಗಿತ್ತು. ವೇದಿಕೆಯ ಮೇಲೆ ಚೆಲ್ಲೋ ನುಡಿಸುವ ಮಾರ್ಯಾನ್ ಕೂತಿದ್ದಳು. ಐದು ವರ್ಷದಿಂದ ಈ ಶೋಕವನ್ನು ಅವನ ಜೊತೆ ಊರೂರಿಗೆ ಹೊತ್ತವಳು. ಕಾಳವ್ವನನ್ನು ಕಂಡು ಎದ್ದು, ಕೈ ಮುಗಿದು, ಕಣ್ಣಲ್ಲಿ ನೀರು ತಂದುಕೊಂಡಳು. ಗಂಡನಿಗಾಗಿ ಅತ್ತ ಆ ವಿಧವೆಯನ್ನು ಕಡೆಗೂ ನೋಡಿದೆ ಎಂದು ಇಂಗ್ಲಿಷಿನಲ್ಲಿ ಅಂದಳು.

"ಏನಂತಾಳ ಇಕಿ?"

"ನಿನ್ನ ನೋಡಿ ಖುಷಿ ಆತಂತ ದೊಡ್ಡವ್ವ."

"ಛಲೋ ಹುಡುಗಿ. ಊಟಾ ಗೀಟಾ ಸರಿ ಮಾಡಂಗಿಲ್ಲೇನು, ಹಿಂಗ್ಯಾಕ ಒಣಗ್ಯಾಳ?"

ರೆಕಾರ್ಡರನ್ನು ಅದರ ಸಣ್ಣ ಮುಕ್ಕಾಲಿಯ ಮೇಲೆ ವೇದಿಕೆಯ ಅಂಚಿಗೆ ಇಟ್ಟು ಅವನು ತಾಲೀಮು ಶುರುಮಾಡಿಸಿದ. ಚೆಲ್ಲೋದ ಕೆಳತಂತಿ ಒಂದೇ ಸ್ವರವನ್ನು ಉದ್ದಕ್ಕೆ ಎಳೆಯಿತು. ಈಗ, ಎಂದು ಅವನು ಕೈ ಮಾಡಿದ. ಕಾಳವ್ವ ಅವನ ಕೈ ನೋಡಿದಳು.

"ಯಾರ ಹೆಸರ ಹಿಡೀಲಿ?"

"ಯಾವುದರೆ ಒಂದು."

"ಯಾವುದರೆ ಒಂದು ಅಂದ್ರ? ಸತ್ತಾಂವಗ ಹೆಸರ ಇರಂಗಿಲ್ಲೇನು? ನಿನ್ನ ಹೆಸರಿನದಂತೂ ಆಗಿ ಹೋಗೇತಿ."

ಗುರುಶಿದ್ದಪ್ಪ ಕೆಳಗಿನಿಂದ ಉತ್ಸಾಹದಿಂದ, "ಗಡಿಯೊಳಗ ಸತ್ತ ಯೋಧರ ಹೆಸರಲೆ ಅಳ್ರಿ ಯಜಮಾನ್ತಿ. ಡೀಸಿ ಸಾಹೇಬರೂ ಬರಾಕತ್ತಾರ, ಎಫೆಕ್ಟ್ ಆಗತೈತಿ," ಎಂದ.

"ಅವರವ್ವಂದಿರು ಇದ್ದಾರಲ್ರೀ ಅಳಾಕ," ಎಂದಳು ಕಾಳವ್ವ.

ಮುಷರಫ ಹಿಂದಿನ ಕುರ್ಚಿಯಲ್ಲಿ ಕಿಸಕ್ಕೆಂದ. ಬಸವಕಿರಣ ಕಾಳವ್ವನ ಬಳಿ ಬಂದ. ಅವಳ ಕಿವಿಯ ಹತ್ತಿರ ಬಗ್ಗಿ, ಯಾರೂ ಕೇಳದಂತೆ, "ದೊಡ್ಡಪ್ಪನ್ನ ನೆನಿಸಿಕೋ," ಎಂದ. ಅವಳ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಆ ಮಾತನ್ನು ಇಷ್ಟು ಮೆಲ್ಲಗೆ, ಇಷ್ಟು ಮರುಕದಿಂದ ಹೇಳಿದ ತನ್ನ ದನಿ ಅವನಿಗೆ ಹೇಸಿಗೆಯಾಗಿ ಕೇಳಿಸಿತು. ಪುಸ್ತಿಕೆಯ ಸುಳ್ಳನ್ನು ಖರೇ ಮಾಡಲು ಸತ್ತವನನ್ನೂ ಎಳೆದು ತಂದಿದ್ದ. ಕಾಳವ್ವ ಬಾಯಿ ತೆರೆದಳು. ತುಟಿ ನಡುಗಿತು, ಕತ್ತಿನ ನರ ಬಿಗಿಯಿತು, ಮತ್ತು ಒಳಗಿನಿಂದ ಬಂದದ್ದು ನಗು. ಸಣ್ಣಗೆ, ಗುಳುಗುಳು, ಬಿಂದಿಗೆಯಿಂದ ನೀರು ಬಗ್ಗಿಸಿದ ಹಾಗೆ. ಅವಳು ಸೆರಗಿನಿಂದ ಬಾಯಿ ಒತ್ತಿ ಹಿಡಿದಳು. ಕಣ್ಣುಗಳು ಮಾತ್ರ ನಗುತ್ತಿರಲಿಲ್ಲ. ಅವು ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಸಿಕ್ಕಿಬಿದ್ದವರ ಹಾಗೆ ಅತ್ತಿತ್ತ ಹುಡುಕುತ್ತಿದ್ದವು. ಮಾರ್ಯಾನ್ ಕಮಾನನ್ನು ತಂತಿಯ ಮೇಲಿಂದ ಎತ್ತದೆ, ಉಸಿರು ಹಿಡಿದು ಆಲಿಸಿದಳು. ಅದ್ಭುತ, ಇದನ್ನು ಇಟ್ಟುಕೊಳ್ಳೋಣ, ಎಂದಳು. ಗುರುಶಿದ್ದಪ್ಪನೂ, "ಇದೂ ಛಲೋ ಐತ್ರಿ, ಮಾಡರ್ನ್ ಆಗತೈತಿ," ಎಂದ. ಅವರಿಬ್ಬರಿಗಿಂತ ಮೊದಲೇ ಬಸವಕಿರಣನ ತಲೆಯೊಳಗೆ ಆ ನಗುವಿಗೆ ಜಾಗ ಸಿಕ್ಕಿತ್ತು, ಎರಡನೆಯ ಭಾಗದ ಕೊನೆ, ಚೆಲ್ಲೋ ನಿಂತ ಕೂಡಲೇ.

"ಆಗಂಗಿಲ್ಲೋ," ಎಂದಳು ಕಾಳವ್ವ, ನಗು ನಿಂತ ಮೇಲೆ. ಅವಳ ಮುಖ ಬೂದಿಯಾಗಿತ್ತು. "ಬರೇ ಗಾಳಿ ಮುಂದ ಕುಂತ ಹೆಂಗ ಅಳೂದು. ಎದುರಿಗಿ ಕುಂತಿರಬೇಕು." ಸುತ್ತ ನೋಡಿದಳು. ಅವಳ ಕಣ್ಣು ಅವನ ಮೇಲೆ ನಿಂತಿತು. ಅದರಲ್ಲಿ ಕೋಪವಿರಲಿಲ್ಲ, ಸಂತೆಯಲ್ಲಿ ಗಡಿಗೆ ಬಡಿದು ನೋಡುವವರ ಕಣ್ಣು ಅದು. "ನೀ ಕುಂಡ್ರು."

"ನಾನು?"

"ಹೂಂ. ಎಲ್ಲ್ಯರೆ ಆನಿಸಿ ಕುಂಡ್ರು. ಕಣ್ಣ ಮುಚ್ಚು. ಹ್ವಾದ ಸರ್ತಿ ನೀ ಗ್ವಾಡಿ ಹಿಂದ ಕುಂತಿದ್ದಿ. ಈ ಸರ್ತಿ ಮುಂದ ಕುಂಡ್ರು."

ಅವನು ನಗಲು ನೋಡಿದ. ಯಾರೂ ನಗಲಿಲ್ಲ, ಮುಷರಫ ಕೂಡ. ವೇದಿಕೆಯ ಹಿಂದಿನ ಕಂಬಕ್ಕೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿ ಕೂತ. ಇವರ ಕಡೆ ಸತ್ತವರನ್ನು ಮಲಗಿಸುವುದಿಲ್ಲ, ಕೂಡ್ರಿಸುತ್ತಾರೆ. ಕಾಳವ್ವ ಸಂಜೆಯ ಸನ್ಮಾನಕ್ಕೆಂದು ತಟ್ಟೆಯಲ್ಲಿ ಮಡಚಿಟ್ಟಿದ್ದ ಶಾಲು ಎತ್ತಿಕೊಂಡಳು. "ಅಯ್ಯ, ಅದು ಸಾಹೇಬರು ಹೊಚ್ಚೂದರೀ," ಎಂದ ಗುರುಶಿದ್ದಪ್ಪನಿಗೆ ಅವಳು ಕಿವಿಗೊಡಲಿಲ್ಲ. ಶಾಲನ್ನು ಅವನ ಎದೆಗೆ ಸುತ್ತಿ ಕಂಬದ ಹಿಂದೆ ಗಂಟು ಹಾಕಿದಳು, ತಲೆ ವಾಲದಂತೆ ಗಲ್ಲವನ್ನು ಎರಡು ಬೆರಳಿನಿಂದ ಎತ್ತಿ ನೇರ ಮಾಡಿದಳು. ಎಷ್ಟು ಸಲ ಮಾಡಿದ ಕೈ ಅದು. ಸೊಂಟದ ಸಂಚಿಯಿಂದ ವಿಭೂತಿ ತೆಗೆದು ಹಣೆಗೆ ಎಳೆದಳು. ವಿಭೂತಿಯ ಪುಡಿ ರೆಪ್ಪೆಯ ಮೇಲೆ ಉದುರಿತು. ಅವನು ಕಣ್ಣು ಮುಚ್ಚಿದ. ಅವಳು ತನ್ನ ಹೆಸರು ಹಿಡಿಯುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಒಬ್ಬರಿಗೆ ಒಮ್ಮೆ ಎನ್ನುವ ಮಾತನ್ನು ಮುರಿದು ಅಳುತ್ತಾಳೆ, ಶಾಪ ಹಾಕುತ್ತಾಳೆ, ಇವರೆಲ್ಲರ ಮುಂದೆ ಆ ಹಿತ್ತಲು, ಆ ಅಂಗೈ ಎಲ್ಲವನ್ನೂ ಹಾಡಿನಲ್ಲಿ ತೆರೆದಿಡುತ್ತಾಳೆ. ಇಡಲಿ. ಅದಕ್ಕಾಗಿ ಅವನ ಎದೆ ಬಾಯಾರಿದವನ ಹಾಗೆ ತೆರೆದುಕೊಂಡಿತು.

ಅವಳ ಸೀರೆ ಸರಿದ ಸದ್ದು. ಮೂಗು ಸೀಟಿದ ಸದ್ದು. ಆಮೇಲೆ ಕೆಳಗಿನಿಂದ, ನೆಲದಿಂದ ಎನ್ನುವ ಹಾಗೆ, ಒಂದು ದನಿ ಎದ್ದಿತು. ಹಳೆಯ ಧ್ವನಿಮುದ್ರಿಕೆಯದಕ್ಕಿಂತ ದಪ್ಪ, ಬಿರುಕುಬಿಟ್ಟದ್ದು.

'ಚಷ್ಮಾ ಮಾಡಾಕ ಕೊಟ್ಟಿದ್ದೆಲ್ಲಾ ನನ ದೊರಿಯೇ, ಹಾಕ್ಕೊಂಡ ನೋಡದಲೆ ಹೊಂಟ್ಯಲ್ಲಾ. ಹೊಸಾ ಕೆರ ಮಳಿಗಿ ಜೋತಬಿದ್ದಾವ ನನ ದೊರಿಯೇ, ಮೆಟ್ಟಿ ನಡೀದಲೆ ಹೊಂಟ್ಯಲ್ಲಾ. ನಾ ನಕ್ಕನೆಂತ ಸಿಟ್ಟ ಮಾಡಿ ಹೊಂಟ್ಯೇನೋ, ಊರ ಮುಂದ ನಿನ್ನ ಮಾನಾ ಕಳದ್ನೇನೋ, ಒಮ್ಮಿ ಹೊಳ್ಳಿ ನೋಡೋ ನನ ದೊರಿಯೇ, ಈಗ ಅಳತೇನಿ ನೋಡೋ.'

ಅವಳು ಅವನ ಮೊಣಕಾಲು ಹಿಡಿದು ಅಲುಗಿಸುತ್ತಿದ್ದಳು. ಅವನ ಪಾದದ ಮೇಲೆ ಹಣೆ ಹಚ್ಚಿದಳು, ಬಿಸಿ ನೀರು ಕಾಲ್ಬೆರಳ ಸಂದಿಗೆ ಇಳಿಯಿತು. ಅವನು ತನ್ನ ಹೆಸರಿಗಾಗಿ ಕಾದ. ಒಂದು ಸಾಲು ಮುಗಿಯಿತು, ಇನ್ನೊಂದು ಹತ್ತಿತು, ಬರಲಿಲ್ಲ. ಬೈಗುಳಾಗಿಯೂ ಬರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಮೈ, ಕೂತುಕೊಳ್ಳುವ, ಅಲುಗಿಸಿದರೆ ಅಲುಗುವ ಮೈ. ಅವನು ಆ ಮೈಯಾಗಿದ್ದ. ಬೆಳಗಿನಿಂದ ಯಾವ ಹೆಸರು ಕೇಳಿಸಬಾರದೆಂದು ಹೆದರಿದ್ದನೋ ಅದೇ ಹೆಸರು ಬಾರದ್ದಕ್ಕೆ ಅವನಿಗೆ ಹೊಟ್ಟೆಕಿಚ್ಚಾಯಿತು, ಸತ್ತ ಮುದುಕನ ಮೇಲೆ. ಆ ಕಿಚ್ಚಿನ ಮೇಲೆ ಅಸಹ್ಯ, ಆ ಅಸಹ್ಯದ ಮೇಲೆ ತಣ್ಣಗೆ ಇನ್ನೊಂದು ಯೋಚನೆ: ದನಿ ಮೇಲೆ ಮುರಿಯುವ ಜಾಗ ಮೊದಲಿನದಕ್ಕಿಂತ ತುಸು ಕೆಳಗಿದೆ, ಚೆಲ್ಲೋ ಅಲ್ಲಿಂದ ಎತ್ತಿಕೊಂಡರೆ ಸೀಳು ಕಾಣಿಸುವುದಿಲ್ಲ. ಇದು ವಿಧವೆಯ ಶೋಕ. ಗಂಡನ ಮುಂದೆ. ಪುಸ್ತಿಕೆಯಲ್ಲಿ ಬರೆದ ಒಂದೊಂದು ಮಾತೂ ಈಗ ಖರೇ. ಅವನ ಬಲಗಣ್ಣು ತಾನೇ ತೆರೆಯಿತು. ವೇದಿಕೆಯ ಅಂಚಿನಲ್ಲಿ ಕೆಂಪು ದೀಪ ಹತ್ತಿತ್ತು. ಕೂರುವ ಮೊದಲು ಗುಂಡಿ ಒತ್ತಿದ್ದು ಅವನಿಗೆ ನೆನಪೇ ಇರಲಿಲ್ಲ.

ಕಾಳವ್ವ ಕಣ್ಣು ತೆರೆದ ಹೆಣವನ್ನು ನೋಡಿದಳು. ಅವಳ ನೋಟ ಅವನ ನೋಟ ಹೋದ ಕಡೆ ಹೋಗಿ, ದೀಪವನ್ನು ಮುಟ್ಟಿ, ಮರಳಿತು. ಹಾಡು ನಿಲ್ಲಲಿಲ್ಲ. ಅಂಗೈ ಎತ್ತಿ ಅವನ ಕಣ್ಣಿನ ಮೇಲೆ ಇಟ್ಟು, ಹಣೆಯಿಂದ ಕೆಳಕ್ಕೆ ನೀವಿ ರೆಪ್ಪೆ ಮುಚ್ಚಿದಳು. ಸತ್ತವರಿಗೆ ಮುಚ್ಚುವ ಹಾಗೆ. ಅಂಗೈ ಒರಟಾಗಿತ್ತು, ಪೇಡೆಯ ಅಂಟು ಇತ್ತು. ಅದನ್ನು ಅಲ್ಲಿಯೇ ಒತ್ತಿ ಹಿಡಿದು, ತನ್ನ ದೊರೆಯನ್ನು ಎಷ್ಟು ಅಳಬೇಕೋ ಅಷ್ಟು ಅತ್ತಳು. ಆ ಅಂಗೈಯ ಕೆಳಗಿನ ಕತ್ತಲೆಯಲ್ಲೂ ಅವನು ಚೆಲ್ಲೋದ ಪ್ರವೇಶ ಹುಡುಕುತ್ತಲೇ ಇದ್ದ.

ಮುಗಿದ ಮೇಲೆ ಅವಳೇ ಶಾಲಿನ ಗಂಟು ಬಿಚ್ಚಿದಳು. ಅದೇ ಶಾಲಿನಿಂದ ಮುಖ ಒರೆಸಿಕೊಂಡು ತಟ್ಟೆಯಲ್ಲಿ ಮಡಚಿಟ್ಟಳು. ಕುರ್ಚಿಗಳಿಗೆ ಕವರು ಹಾಕುತ್ತಿದ್ದವರು ಕೆಲಸ ಬಿಟ್ಟು ನಿಂತಿದ್ದರು. ಮುಷರಫ ಟೋಪಿ ತೆಗೆದು ಅದರಿಂದ ಕಣ್ಣು ಒತ್ತಿಕೊಳ್ಳುತ್ತಿದ್ದ. ಅವಳ ಮುಖ ಹಗುರಾಗಿತ್ತು, ಜ್ವರ ಬಿಟ್ಟವರ ಹಾಗೆ.

"ಆತು," ಎಂದಳು. "ಬಂತು. ಇನ್ನ ನನ್ನ ಮನಿಗೆ ಬಿಡ್ರಿ."

"ಸಂಜಿ ಕಾರ್ಯಕ್ರಮ ಅಲ್ರೀ ಯಜಮಾನ್ತಿ!" ಗುರುಶಿದ್ದಪ್ಪ ಮೆಟ್ಟಿಲು ಹತ್ತಿ ಬಂದ.

"ಸಂಜಿಗೆ ಮತ್ತ ಯಾರ್ ಸಾಯ್ತಾರ್ರೀ? ಒಬ್ಬರಿಗೆ ಒಮ್ಮೆ." ಆಮೇಲೆ ಬಸವಕಿರಣನ ಕಡೆ ತಿರುಗಿ, ಮು‌ಕ್ಕಾಲಿಯ ಮೇಲಿದ್ದ ಯಂತ್ರಕ್ಕೆ ಗಲ್ಲ ಎತ್ತಿ ತೋರಿಸಿದಳು. "ಅದರಾಗ ಹತ್ತೇತೇನು?"

ಈ ಪ್ರಶ್ನೆಗೆ ಖರೇ ಹೇಳಲು ಅವನಿಗೆ ಬೇಕಾದಷ್ಟು ಹೊತ್ತಿತ್ತು.

"ಇಲ್ಲ ದೊಡ್ಡವ್ವ. ಹಚ್ಚಿದ್ದಿಲ್ಲ ನಾ."

ಅವಳ ಭುಜದ ಹಿಂದೆ ಮಾರ್ಯಾನ್ ಯಂತ್ರದ ಹೆಡ್‌ಫೋನು ಕಿವಿಗೆ ಹಿಡಿದು, ತೊಯ್ದ ಮುಖದಲ್ಲಿ ನಗುತ್ತ, ಅವನಿಗೆ ಹೆಬ್ಬೆರಳು ಎತ್ತಿ ತೋರಿಸಿದಳು. ಎಲ್ಲವೂ ಬಂದಿದೆ, ಸ್ವಚ್ಛವಾಗಿ. ಕಾಳವ್ವ ಹಿಂದೆ ತಿರುಗಿ ಆ ಹೆಬ್ಬೆರಳನ್ನು ನೋಡಿದಳು. ಅವನನ್ನು ನೋಡಿದಳು. "ಛಲೋ ಆತು," ಎಂದು ಬುಟ್ಟಿ ಎತ್ತಿಕೊಂಡಳು.

ತಾನೇ ಬಿಟ್ಟು ಬರುತ್ತೇನೆಂದು ಅವನು ಕಾರಿನಲ್ಲಿ ಕೂತ. ಯಂತ್ರ ಅಂಗಿಯ ಕಿಸೆಯಲ್ಲಿತ್ತು, ಇನ್ನೂ ಬೆಚ್ಚಗೆ, ಹಿಡಿದು ತಂದ ಹಕ್ಕಿಮರಿಯ ಹಾಗೆ ಎದೆಗೆ ತಾಗುತ್ತಿತ್ತು. ಮುಷರಫ ರೇಡಿಯೋ ಹಚ್ಚಲಿಲ್ಲ, ತಮಾಷೆ ಮಾಡಲಿಲ್ಲ. ಕಾಳವ್ವ ಉಳಿದಿದ್ದ ಪೇಡೆಯನ್ನು ಸಣ್ಣಸಣ್ಣಗೆ ಮುರಿದು ತಿನ್ನುತ್ತ ಹೊರಗೆ ನೋಡುತ್ತಿದ್ದಳು. ರಾಯಾಪುರದ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವಳು ಮಾತಾಡಿದಳು, ಬದನೆಕಾಯಿ ಮಾರುವವಳ ಗಾಡಿಯ ಕಡೆ ನೋಡುತ್ತಲೇ.

"ಕಿರಣ್ಯಾ, ನಿಮ್ಮವ್ವಗ ಹೇಳಿಡತೇನಿ. ಮುಂದ ಯಾವಾಗರೆ ನಿನ್ನ ಖರೇ ಸುದ್ದಿ ಬಂದರ ನನ್ನ ಕರಿಯಾಕ ಯಾರನ್ನೂ ಕಳಸಬ್ಯಾಡ್ರಿ ಅಂತ. ನಿನ್ನ ಪಾಲಿಂದು ಆಗಿ ಹೋಗೇತಿ."

ಬೈಗುಳವಾಗಿ ಹೇಳಲಿಲ್ಲ. ಒಲೆಯ ಮೇಲಿಟ್ಟದ್ದನ್ನು ಇಳಿಸಿದೆ ಎನ್ನುವಂತೆ ಹೇಳಿ, ಬೆರಳು ನೆಕ್ಕಿ, "ಬದನಿಕಾಯಿ ಎಳೇವು ಅದಾವ, ಬಾಜೂಕ ಹಚ್ಚಿ ನಿಂದ್ರಸೋ ಮುಷರಫ," ಎಂದಳು. ಆ ಮಾತಿನ ಕೊನೆಯಲ್ಲಿ ಅವಳ ದನಿ ಇಳಿದ ರೀತಿ, ಎರಡು ಸ್ವರ, ನಡುವೆ ಯಾವ ಪಿಟೀಲಿಗೂ ಸಿಗದ ಒಂದು ಜಾರು, ಹಿಂದಿನ ಸೀಟಿನಲ್ಲಿ ಬಸವಕಿರಣನ ಕಿವಿಯಲ್ಲಿ ಮತ್ತೊಮ್ಮೆ ನಡೆಯಿತು. ಕೈ ಕಿಸೆಯೊಳಗೆ ಹೋಗಿ ಯಂತ್ರದ ಗುಂಡಿಯ ಮೇಲೆ ಕೂತಿತು.